ವಿಶ್ವವಿದ್ಯಾಲಯದ ಉಪನ್ಯಾಸಗಳಿಗೆ ಹೊರಗಿನವರು ಬರಬೇಕೆಂದರೆ ಏನು ಮಾಡಬೇಕು?

ಓದುಗೂಡು:
ಮುಂದಿನ ಸೆಮಿಸ್ಟರಿನ ಮಾನವಿಕ ವಿಭಾಗಗಳ ಪಟ್ಟಿ ಸಿದ್ಧವಾಗ್ತಿದೆ. ಇತಿಹಾಸ, ತತ್ತ್ವಶಾಸ್ತ್ರ, ಭಾಷಾವಿಜ್ಞಾನ, ಅನುವಾದದ ಮೇಲೆ ನಾಲ್ಕು ಉಪನ್ಯಾಸ, ಒಂದು ಓದುಕೂಟ, ಒಂದು ಹಸ್ತಪ್ರತಿ ಪ್ರದರ್ಶನ. ಎಲ್ಲವೂ ಸಾರ್ವಜನಿಕರಿಗೆ ಮುಕ್ತ. ಪೋಸ್ಟರಿನಲ್ಲಿ ‘ಎಲ್ಲರಿಗೂ ಸ್ವಾಗತ’ ಅಂತ ಹಾಕಿದರೂ ಬರುವವರು ವಿಭಾಗದವರೇ. ಪ್ರಕಟಣೆ ಹೇಗಿರಬೇಕು? ಆನ್‌ಲೈನಿನಲ್ಲೂ ಕೊಡಬೇಕಾ? ಪ್ರಶ್ನೋತ್ತರ ಇನ್ನೊಂದು ಭಾಷಣ ಆಗದಂತೆ ತಡೆಯೋದು ಹೇಗೆ?

ಕಡತಬಂಡಿ:
‘ಎಲ್ಲರಿಗೂ’ ಅಂದರೆ ಯಾರನ್ನೂ ಕರೆದಂತಲ್ಲ. ಹೊರಗಿನವರ ಅನುಮಾನಗಳೇ ಬೇರೆ: ಗೇಟಿನಲ್ಲಿ ಗುರುತಿನ ಚೀಟಿ ಕೇಳ್ತಾರಾ, ಸಭಾಂಗಣ ಯಾವ ಕಟ್ಟಡದ ಎಷ್ಟನೇ ಮಹಡಿ, ದುಡ್ಡು ಕೊಡಬೇಕಾ, ಮಾತು ಯಾವ ಭಾಷೆಯಲ್ಲಿ, ಮಧ್ಯೆ ಎದ್ದು ಹೋಗಬಹುದಾ. ಇವಕ್ಕೆಲ್ಲ ಪ್ರಕಟಣೆಯಲ್ಲೇ ಉತ್ತರ ಇರಲಿ. ‘ಸಂಜೆ 6ಕ್ಕೆ’ ಅಂತ ನಿಲ್ಲಿಸಬೇಡಿ. ‘5:30ಕ್ಕೆ ಬಾಗಿಲು, 6ಕ್ಕೆ ಮಾತು, 7:15ಕ್ಕೆ ಮುಕ್ತಾಯ’ ಅನ್ನಿ. ಎಷ್ಟು ಹೊತ್ತಿಗೆ ಮನೆಗೆ ಹೊರಡಬಹುದು ಅಂತ ತಿಳಿಯದೆ ಯಾರೂ ಹೊರಡಲ್ಲ.

ಶೀರ್ಷಿಕೆಯಲ್ಲೇ ಅರ್ಧ ಜನ ಹಿಂದೆ ಸರೀತಾರೆ. ‘ಸ್ಥಳನಾಮಗಳಲ್ಲಿ ಸ್ಮೃತಿಯ ರಾಜಕಾರಣ: ಒಂದು ವಸಾಹತೋತ್ತರ ಓದು’ ಅನ್ನೋದನ್ನು ‘ಊರಿನ ಹೆಸರು ಬದಲಾದರೆ ಹಳೆಯ ಹೆಸರು ಎಲ್ಲಿಗೆ ಹೋಗುತ್ತದೆ?’ ಅಂತ ಮಾಡಿ ನೋಡಿ. ಸಂಶೋಧಕರಿಗಾಗಿ ಮೂಲ ಶೀರ್ಷಿಕೆ ಕೆಳಗೆ ಸಣ್ಣ ಅಕ್ಷರದಲ್ಲಿರಲಿ. ಸಾರಾಂಶ 80 ಪದ ಸಾಕು. ಸಮ್ಮೇಳನಕ್ಕೆ ಕಳಿಸಿದ್ದನ್ನೇ ಅಂಟಿಸಬೇಡಿ. ತಾರೀಕಿಗೂ ವಾರಕ್ಕೂ ತಾಳೆ ಇದೆಯಾ ಅಂತ ಇಬ್ಬರು ನೋಡಲಿ. ಅಲ್ಲಿ ತಪ್ಪಿದರೆ ಕೆಲವರು ಹಿಂದಿನ ದಿನವೇ ಬಂದು ಬೀಗ ನೋಡಿ ಹೋಗ್ತಾರೆ.

ಕ್ಯೂಆರ್ ಕೋಡಿನ ಅಗಲ, ಓದುವ ದೂರದ ಹತ್ತನೇ ಒಂದು ಭಾಗವಾದರೂ ಇರಬೇಕು: ಒಂದು ಮೀಟರಿಗೆ 10 ಸೆಂ.ಮೀ. ಸುತ್ತ ಕೋಡಿನೊಳಗಿನ ನಾಲ್ಕು ಪುಟ್ಟ ಚೌಕದಷ್ಟು ಖಾಲಿ ಅಂಚು ಬೇಕು. ಚೆಂದ ಕಾಣಲ್ಲ ಅಂತ ವಿನ್ಯಾಸ ಮಾಡುವವರು ಕತ್ತರಿಸೋದು ಅದನ್ನೇ, ಆಮೇಲೆ ಫೋನು ಓದಲ್ಲ. ಕೋಡು ಪಿಡಿಎಫ್‌ಗೆ ಹೋಗದೆ ತಿದ್ದಬಹುದಾದ ಪುಟಕ್ಕೆ ಹೋಗಲಿ, ಕೊನೇ ಗಳಿಗೆಯಲ್ಲಿ ಸಭಾಂಗಣ ಬದಲಾಗುತ್ತಲೇ ಇರುತ್ತೆ. ಕ್ಯಾಲೆಂಡರ್ ಫೈಲು (ಐಸಿಎಸ್) ಕಳಿಸುವುದಾದರೆ, ಬದಲಾವಣೆ ಆದಾಗ ಹಳೆಯ ಯುಐಡಿಯನ್ನೇ (ಆ ಕಾರ್ಯಕ್ರಮದ ಗುರುತಿನ ಸಂಕೇತ) ಉಳಿಸಿ, ಎಷ್ಟನೇ ತಿದ್ದುಪಡಿ ಅಂತ ಹೇಳುವ ಸೀಕ್ವೆನ್ಸ್ ಅಂಕಿಯನ್ನು ಒಂದು ಹೆಚ್ಚಿಸಿ. ಹೊಸ ಯುಐಡಿ ಕೊಟ್ಟರೆ ಒಂದೇ ಉಪನ್ಯಾಸ ಕ್ಯಾಲೆಂಡರಿನ ಎರಡು ಜಾಗದಲ್ಲಿ ಕೂತಿರುತ್ತೆ.

ನುಡಿಯಂಥ ಹಳೆಯ ಫಾಂಟಿನಲ್ಲಿ ಟೈಪಾದ ಆಹ್ವಾನವನ್ನು ಯೂನಿಕೋಡಿಗೆ ಬದಲಿಸಿಯೇ ಮೇಲ್ ಮಾಡಿ. ಇಲ್ಲದಿದ್ದರೆ ಓದುವವರಿಗೆ ಸಿಗೋದು ಕಲಸುಮೇಲೋಗರ.

ಮೈಕ್‌ಮಾಮ:
ಆನ್‌ಲೈನ್ ಬಗ್ಗೆ ನೇರವಾಗಿ ಹೇಳ್ತೀನಿ: ಆ ಕೆಲಸಕ್ಕೇ ಒಬ್ಬರು ಕೂರೋಕೆ ಆಗದಿದ್ದರೆ ಬೇಡ, ರೆಕಾರ್ಡ್ ಮಾಡಿ ಆಮೇಲೆ ಹಾಕಿ. ಕೆಡೋದು ವಿಡಿಯೋ ಅಲ್ಲ, ಸಭಿಕರ ಪ್ರಶ್ನೆ. ಮೈಕ್ ಇಲ್ಲದೆ ಕೇಳಿದ ಪ್ರಶ್ನೆ ದೂರದವರಿಗೆ ಬರೀ ಮೌನ, ಆಮೇಲೆ ಎಲ್ಲಿಂದಲೋ ಬಿದ್ದ ಉತ್ತರ.

ಕಾಲರ್ ಮೈಕ್ ಗಲ್ಲದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ. ಕೊರಳಲ್ಲಿ ತೂಗುವ ಗುರುತಿನ ಚೀಟಿಯನ್ನು ಮೊದಲು ತೆಗೆಸಿ. ಇಡೀ ರೆಕಾರ್ಡಿಂಗಿನಲ್ಲಿ ಬರುವ ಆ ಕರಕರ ಸದ್ದು ಅದರದ್ದೇ. ಸ್ಪೀಕರ್‌ಗಳು ಮೈಕಿಗಿಂತ ಮುಂದೆ, ಸಭಿಕರ ಕಡೆಗೆ ಮುಖ ಮಾಡಿರಲಿ, ಇಲ್ಲಾಂದ್ರೆ ಊಳಿಡುತ್ತೆ. ಒಂದೇ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪ್ ಅದೇ ಮೀಟಿಂಗಿಗೆ ಸೇರಿದ್ದರೆ ಒಂದರ ಮೈಕು, ಸ್ಪೀಕರು ಎರಡೂ ಆಫ್ ಆಗಿರಲಿ.

ಸಭಿಕರ ಮೈಕನ್ನು ಕೈಗೆ ಕೊಡಬೇಡಿ, ಸಹಾಯಕರೇ ಹಿಡಿದಿರಲಿ. ಭಾಷಣದ ಕಾಯಿಲೆಗೂ ಅದೇ ಮದ್ದು 🙂

ಅಡಿಟಿಪ್ಪಣಿ:
ಮದ್ದು ಅಷ್ಟೇ ಸಾಲದು. ಮಾತು 40 ನಿಮಿಷಕ್ಕೆ ಮುಗಿದ ಮೇಲೆ ಎರಡು ನಿಮಿಷ ಬಿಡಿ, ಜನ ಪಕ್ಕದವರ ಜೊತೆ ಮಾತಾಡಲಿ. ಮನಸ್ಸಿನಲ್ಲಿದ್ದ ಅರೆಬರೆ ಪ್ರಶ್ನೆಗೆ ಅಷ್ಟರಲ್ಲಿ ರೂಪ ಬರುತ್ತೆ. ಮೊದಲ ಅವಕಾಶ ಮುಂದಿನ ಸಾಲಿನ ಹಿರಿಯ ಪ್ರಾಧ್ಯಾಪಕರಿಗೆ ಬೇಡ. 2018ರಲ್ಲಿ ಪ್ಲೋಸ್ ವನ್ ಪತ್ರಿಕೆಯಲ್ಲಿ 10 ದೇಶಗಳ 247 ವಿಚಾರಗೋಷ್ಠಿಗಳನ್ನು ಗಮನಿಸಿದ ಅಧ್ಯಯನ ಬಂದಿತ್ತು; ಮೊದಲ ಪ್ರಶ್ನೆ ಗಂಡಸರಿಂದ ಬಂದಾಗ ಆಮೇಲೆ ಹೆಂಗಸರು ಕೇಳುವ ಪ್ರಶ್ನೆಗಳ ಪಾಲು ಕಡಿಮೆ ಇತ್ತು. ಚೀಟಿಯಲ್ಲಿ ಬರೆದು ಕೊಡಲೂ ಅವಕಾಶ ಇರಲಿ.

ಉಪನ್ಯಾಸಕರ ಒಪ್ಪಿಗೆಯನ್ನು ಬಿಡಿಬಿಡಿಯಾಗಿ ಕೇಳಿ: ನೇರ ಪ್ರಸಾರ, ಶಾಶ್ವತ ಸಂಗ್ರಹ, ಸ್ಲೈಡುಗಳ ಹಂಚಿಕೆ. ಸಭೆಯಲ್ಲಿ ತೋರಿಸೋಕೆ ಅನುಮತಿ ಸಿಕ್ಕ ಚಿತ್ರಕ್ಕೆ ಜಾಲತಾಣದ ಅನುಮತಿಯೂ ಸಿಕ್ಕಿದೆ ಅಂತ ಅಲ್ಲ.

ಹಸ್ತಪ್ರತಿಗೆ ಬೆಳಕು ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಮೀರದಿರಲಿ, ಕಿಟಕಿಯ ಪಕ್ಕವಂತೂ ಬೇಡವೇ ಬೇಡ. ಬೆಳಕಿನಿಂದ ಆದ ಹಾನಿ ಕೂಡುತ್ತಾ ಹೋಗುತ್ತೆ, ಕತ್ತಲಲ್ಲಿಟ್ಟರೆ ವಾಸಿಯಾಗಲ್ಲ. ಹೊಲಿದ ಪುಸ್ತಕವನ್ನು ಚಪ್ಪಟೆಯಾಗಿ ಬಿಡಿಸದೆ ಎರಡೂ ಬದಿಗೆ ಆಸರೆ ಕೊಡಿ. ಫೋಟೋಗಾಗಿ ಬಿಳಿ ಕೈಗವಸು ಹಾಕಿಸೋ ಆಸೆಯನ್ನೂ ಬಿಡಿ. ಕಾಗದಕ್ಕೆ ತೊಳೆದು ಒಣಗಿಸಿದ ಬರಿಗೈಯೇ ಮೇಲು, ಬಟ್ಟೆಯ ಬೆರಳಿಗೆ ಹಾಳೆಯ ಅಂಚು ತಿಳಿಯದೆ ಹರಿಯುತ್ತೆ. ಹಳೆಯ ಛಾಯಾಚಿತ್ರಗಳಿಗೆ ಮಾತ್ರ ನೈಟ್ರೈಲ್ (ಒಂದು ಬಗೆಯ ತೆಳು ರಬ್ಬರ್) ಗವಸು.

ಓದುಕೂಟಕ್ಕೆ ‘ಓದಿಕೊಂಡು ಬನ್ನಿ’ ಅನ್ನಬೇಡಿ. ನಾಲ್ಕು ಪುಟ ಅಲ್ಲೇ ಕೊಟ್ಟು ಸರದಿಯಲ್ಲಿ ಗಟ್ಟಿಯಾಗಿ ಓದಿಸಿ. 15 ಜನ ಮೀರಿದರೆ ಎರಡು ಗುಂಪು.

ಓದುಗೂಡು:
ಎಲ್ಲರಿಗೂ ಧನ್ಯವಾದ. ನೋಂದಣಿ ಕಡ್ಡಾಯ ಮಾಡಬೇಕಾ?

ಕಡತಬಂಡಿ:
ಬೇಡ. ಉಚಿತ ಕಾರ್ಯಕ್ರಮಕ್ಕೆ ಹೆಸರು ಕೊಟ್ಟು ಬಾರದವರು ಎಷ್ಟೋ ಜನ. ಹೆಸರು ಕೊಡದೆ ಬಂದವರನ್ನು ಬಾಗಿಲಲ್ಲಿ ತಡೆದು ಒಳಗೆ ಖಾಲಿ ಕುರ್ಚಿ ಇಟ್ಟುಕೊಂಡಂತಾಗುತ್ತೆ. ಹೆಸರು, ಮೇಲ್ ಎರಡೇ ಕೇಳಿ, ಹಿಂದಿನ ದಿನ ನೆನಪಿಸಿ. ‘ನಿಮಗೇನಾದರೂ ಅನುಕೂಲ ಬೇಕೇ?’ ಅನ್ನೋ ಒಂದು ಸಾಲು ಮಾತ್ರ ತಪ್ಪದೆ ಇರಲಿ, ಅದಕ್ಕೆ ಎರಡು ವಾರ ಮುಂಚಿನ ಗಡುವು ಹಾಕಿ. ಒಂದು ಗಂಟೆ ಮೀರುವ ಮಾತಿಗೆ ಸಂಜ್ಞಾಭಾಷೆಯ ದುಭಾಷಿಗಳು ಇಬ್ಬರು ಬೇಕು, 15–20 ನಿಮಿಷಕ್ಕೊಮ್ಮೆ ಬದಲಾಗ್ತಾರೆ. ಹಿಂದಿನ ದಿನ ಫೋನ್ ಮಾಡಿದರೆ ಇಬ್ಬರೂ ಬಿಡುವಾಗಿ ಸಿಗೋದು ಕಷ್ಟ.