ಕೆರೆ ತುಂಬಿದೆ, ಬಾವಿಗೂ ನೀರು ಬಂದಿದೆ, ಬೋರ್‌ಗೆ ಯಾಕಿಲ್ಲ?

ಪ್ರಶ್ನೆ (ಕೋಲಾರದ ಕೃಷಿಕ)
ಕೆ.ಸಿ. ವ್ಯಾಲಿ ಯೋಜನೆಯ, ಅಂದ್ರೆ ಬೆಂಗಳೂರಿನ ಕೊಳಚೆಯನ್ನ ಸಂಸ್ಕರಿಸಿ ಬಿಡೋ ನೀರು ನಮ್ಮೂರ ಕೆರೆಗೂ ಬರ್ತಿದೆ. ಏರಿ ಕೆಳಗಿರೋ ಅಣ್ಣನ ತೆರೆದ ಬಾವಿ ವರ್ಷಗಟ್ಟಲೆ ಒಣಗಿತ್ತು, ಈಗ 5 ಮೀಟರ್‌ಗೇ ನೀರು. ಕೆರೆಯ ಮೇಲ್ಗಡೆ ಇರೋ ನನ್ನ ಬಾವಿಯಲ್ಲಿ 9 ಮೀಟರ್. ಪಕ್ಕದ 1,100 ಅಡಿ ಬೋರ್ ಮಾತ್ರ ಇದ್ದ ಹಾಗೇ ಇದೆ. ಮೂರನ್ನೂ ಬರೆದಿಡ್ತಿದ್ದೀನಿ. ಕೆರೆ ನೀರು ಅಣ್ಣನ ಕಡೆ ಮಾತ್ರ ಹೋಗ್ತಿದೆ ಅಂತ ತಿಳ್ಕೊಬಹುದಾ?

ಉತ್ತರ 1 (ಅಂತರ್ಜಲ ಅಳೆಯುವವಳು)
ಬರೆದಿಡ್ತಿದ್ದೀರಲ್ಲ, ತುಂಬಾ ಸಂತೋಷ ಆಯ್ತು. ಕೇಂದ್ರ ಅಂತರ್ಜಲ ಮಂಡಳಿಯ ವೀಕ್ಷಣಾ ಬಾವಿಗಳನ್ನ ಸಾಮಾನ್ಯವಾಗಿ ವರ್ಷಕ್ಕೆ 4 ಸಲ ಅಳೀತಾರೆ. ಕೆರೆಗೆ ನೀರು ಬಿಟ್ಟ ವಾರ ಏನಾಯ್ತು ಅಂತ ಅದರಲ್ಲಿ ಕಾಣಲ್ಲ.

ಆದರೆ ಬರೀ ಆಳ ಹೋಲಿಸಬೇಡಿ. ಬಾವಿ ಕಟ್ಟೆಗಳೇ ಬೇರೆ ಬೇರೆ ಎತ್ತರದಲ್ಲಿವೆ. ಕೋಡಿಯ ಕಲ್ಲನ್ನ 100 ಮೀಟರ್ ಅಂತ ಇಟ್ಕೊಳ್ಳಿ. ಅಣ್ಣನ ಕಟ್ಟೆ 94 ಇದ್ದರೆ ಅಲ್ಲಿ ನೀರಿನ ಮಟ್ಟ 89. ನಿಮ್ಮ ಕಟ್ಟೆ 106 ಇದ್ದರೆ ನಿಮ್ಮದು 97. ಅಂದ್ರೆ ಆಳ ಜಾಸ್ತಿ ಇದ್ದರೂ ನಿಮ್ಮ ನೀರೇ ಮೇಲಿದೆ! ಕೆರೆ ಮಟ್ಟ 99 ಇದ್ದರೆ ಇಳಿಜಾರು ಇಬ್ಬರ ಕಡೆಗೂ ಇದೆ. ನಿಮ್ಮದು 102 ಬಂದರೆ ಕಥೆ ತಿರುಗುತ್ತೆ, ಆಗ ನಿಮ್ಮ ಕಡೆಯ ಅಂತರ್ಜಲವೇ ಕೆರೆಯ ಕಡೆ ಇಳೀತಿರುತ್ತೆ. ಮೊಬೈಲ್ ತೋರಿಸೋ ಎತ್ತರ ಮೀಟರ್‌ಗಟ್ಟಲೆ ತಪ್ಪಬಹುದು, ನಂಬಬೇಡಿ. ಮೇಸ್ತ್ರಿಗಳ ನೀರು ತುಂಬಿದ ಟ್ಯೂಬ್‌ನಿಂದ ಹಂತಹಂತವಾಗಿ ಮಟ್ಟ ಹಿಡಿದು ಬನ್ನಿ. ಪಂಪ್ ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಅಳೆಯಿರಿ.

ಇಳಿಜಾರು ದಿಕ್ಕು ಹೇಳುತ್ತೆ, ಎಷ್ಟು ನೀರು ಅಂತ ಹೇಳಲ್ಲ. ತಳದಲ್ಲಿ ಹೂಳು ಗಟ್ಟಿಯಾಗಿದ್ದರೆ ತುಂಬಿದ ಕೆರೆಯೂ ಹೆಚ್ಚು ಇಂಗಲ್ಲ.

ಬೋರ್ ವಿಷಯ ಬೇರೆ. ತೆರೆದ ಬಾವಿಗೆ ನೀರು ಬರೋದು ಮೇಲಿನ ಶಿಥಿಲ ಕಲ್ಲಿನ ಪದರದಿಂದ. ಬೋರ್‌ನಲ್ಲಿ ಮೇಲ್ಭಾಗಕ್ಕೆ ಇಳಿಸೋ ಕೇಸಿಂಗ್ ಪೈಪ್ ಆ ಪದರವನ್ನೇ ಮುಚ್ಚಿರುತ್ತೆ. ಕೆಳಗಿನ ಗ್ರಾನೈಟ್, ನೈಸ್ ಎಂಬ ಗಟ್ಟಿ ಕಲ್ಲುಗಳ ಬಿರುಕುಗಳಿಗೆ ಕೆರೆ ನೀರು ತಲುಪೋಕೆ ದಾರಿ ಇರಬೇಕು, ಸಮಯವೂ ಬೇಕು.

ಉತ್ತರ 2
ಮಳೆಯ ಪಾಲು ಬೇರ್ಪಡಿಸೋದು ಮರೀಬೇಡಿ. ಪೈಪ್‌ಲೈನ್ ನೀರು ಬಾರದ ಪಕ್ಕದೂರಿನ ಒಂದು ಬಾವಿಯನ್ನೂ ಅಳೆಯಿರಿ. ಎರಡೂ ಒಟ್ಟಿಗೆ ಏರಿದರೆ ಮಳೆಯೇ ಕಾರಣ ಇರಬಹುದು. ನೀರಲ್ಲಿ ಲವಣ ಎಷ್ಟಿದೆ ಅಂತ ಅಂದಾಜು ಕೊಡೋ ವಿದ್ಯುತ್ ವಾಹಕತೆ ಮೀಟರ್ ಸಿಕ್ಕರೆ ಕೆರೆ, ಬಾವಿ ಎರಡನ್ನೂ ನೋಡಿ. ಸಂಸ್ಕರಿಸಿದ ನೀರಿನಲ್ಲಿ ಮಳೆ ನೀರಿಗಿಂತ ಲವಣ ಹೆಚ್ಚು. ಲ್ಯಾಬ್ ಪರೀಕ್ಷೆ ಮಾಡಿಸದೆ ಆ ಬಾವಿ ನೀರು ಕುಡೀಬೇಡಿ.

ಉತ್ತರ 3 (ದೊಡ್ಡಬಳ್ಳಾಪುರ)
ನಮ್ಮ ಅರ್ಕಾವತಿಯಲ್ಲಿ ಇದೇ ಲೆಕ್ಕ ಉಲ್ಟಾ ಆಗಿದೆ. ಹೊಳೆ ಯಾಕೆ ಬತ್ತಿತು ಅಂತ ಅಧ್ಯಯನ ಮಾಡಿದವರು ಮಳೆಗಿಂತ ಬೋರ್‌ವೆಲ್ ಮತ್ತು ನೀಲಗಿರಿ ತೋಪುಗಳ ಕಡೆ ಬೆರಳು ತೋರಿಸಿದರು. ನೀರಿನ ಮಟ್ಟ ಹೊಳೆಯ ತಳಕ್ಕಿಂತ ಕೆಳಗೆ ಹೋದ ಮೇಲೆ ಒರತೆ ಎಲ್ಲಿಂದ ಬರಬೇಕು? ಇಂಥ ಅಳತೆ ನಮ್ಮ ಹಿರಿಯರ ಕಾಲದಲ್ಲೇ ಯಾರಾದರೂ ಬರೆದಿಟ್ಟಿದ್ದರೆ ಅಂತ ಈಗಲೂ ಸಂಕಟವಾಗುತ್ತೆ.

ಪ್ರಶ್ನೆ ಕೇಳಿದವರು
ಕೋಡಿ ಕಲ್ಲಿಗೆ ಬಣ್ಣದ ಗುರುತು ಹಾಕಿ ಈ ಭಾನುವಾರವೇ ಟ್ಯೂಬ್ ಹಿಡೀತೀವಿ. ಬೋರ್‌ನ ಕೇಸಿಂಗ್ ಎಷ್ಟು ಅಡಿ ಇಳಿದಿದೆ ಅಂತ ಹಳೇ ಬಿಲ್‌ನಲ್ಲಿರಬೇಕು, ಹುಡುಕಿ ಹಾಕ್ತೀನಿ.