ಪದಚರ್ಚೆ: ‘ವ್ಯಾಕ್ಯೂಮ್ ಬಿಡು’ ಅಂದರೆ ಶುರು ಮಾಡುವುದೋ, ನಿಲ್ಲಿಸುವುದೋ?

ಬಳಗದವರಿಗೆಲ್ಲ ನಮಸ್ಕಾರ.

ಬೆಂಗಳೂರಿನ ಪೀಣ್ಯದ ಕಡೆಯ ಒಂದು ಮರಗೆಲಸದ ಕಾರ್ಖಾನೆಗೆ, ಯಂತ್ರದ ಪಕ್ಕದ ಗೋಡೆಗೆ ಅಂಟಿಸುವಂಥ ಒಂದು ಪುಟದ ಸೂಚನೆ ಬರೆದುಕೊಡುವುದಿದೆ. ಯಂತ್ರ ಸಿಎನ್‌ಸಿ ರೌಟರ್. ಕಂಪ್ಯೂಟರ್ ಹೇಳಿದಂತೆ ಬಾಗಿಲು, ಕಪಾಟುಗಳ ಹಲಗೆಯನ್ನು ಕೊರೆಯುತ್ತದೆ, ಆಕಾರಕ್ಕೆ ಕತ್ತರಿಸುತ್ತದೆ. ಹಲಗೆ ಅಲುಗದಂತೆ ಹಿಡಿಯಲು ಅಲ್ಲಿ ಬೆಣೆಯಿಲ್ಲ, ಸ್ಕ್ರೂ ಕ್ಲಾಂಪಿಲ್ಲ. ಹಲಗೆಯ ಅಡಿಯ ಗಾಳಿಯನ್ನು ಪಂಪು ಎಳೆದುಹಾಕುತ್ತದೆ, ಮೇಲಿನ ಗಾಳಿ ಹಲಗೆಯನ್ನು ಮೇಜಿಗೆ ಒತ್ತಿ ಹಿಡಿಯುತ್ತದೆ. ಕ್ಲಾಂಪಿನ ದವಡೆ ಎಲ್ಲೂ ಅಡ್ಡ ಬಾರದ ಕಾರಣ ಕಟರ್ ಹಲಗೆಯ ಮೈಮೇಲೆಲ್ಲ, ನಾಲ್ಕೂ ಅಂಚಿನ ಸುತ್ತ, ಸರಾಗವಾಗಿ ಓಡಾಡಬಹುದು. ವ್ಯಾಕ್ಯೂಮ್ ಕ್ಲಾಂಪಿಂಗ್ ಅನ್ನುವುದು ಇದಕ್ಕೇ.

ಇದಕ್ಕೊಂದು ಅಚ್ಚಗನ್ನಡದ ಹೆಸರು ಕಟ್ಟಿಕೊಡಿ ಎಂದು ಕೇಳಲು ಬಂದಿಲ್ಲ. ಕಟ್ಟಿದರೆ ಬೇಡ ಅನ್ನುವುದೂ ಇಲ್ಲ. ಆದರೆ ನನಗೆ ತಲೆನೋವಾಗಿರುವುದು ಹೆಸರಿಗಿಂತ ಹೆಚ್ಚಾಗಿ ಅದರ ಜೊತೆ ಬರುವ ಕ್ರಿಯಾಪದಗಳು.

ಮೊದಲು ‘ಬಿಡು’. ಹಳೆಯ ಆಪರೇಟರ್ ಯಂತ್ರದ ಆ ತುದಿಯಿಂದ “ಲೋ, ವ್ಯಾಕ್ಯೂಮ್ ಬಿಡೋ” ಎಂದು ಕೂಗುತ್ತಾರೆ. ಈ ತುದಿಯ ಹೊಸ ಹುಡುಗ ವಾಲ್ವಿನ ಹಿಡಿಯ ಮೇಲೆ ಕೈ ಇಟ್ಟುಕೊಂಡು ಅವರ ಮುಖ ನೋಡುತ್ತಾನೆ. ಅವನ ಅನುಮಾನ ನ್ಯಾಯವಾದದ್ದೇ. ತೋಟಕ್ಕೆ ನೀರು ಬಿಡು, ಕರೆಂಟ್ ಬಿಟ್ಟರು, ಬಸ್ಸು ಬಿಟ್ಟರು – ಇಲ್ಲೆಲ್ಲ ಬಿಡುವುದೆಂದರೆ ಶುರು ಮಾಡುವುದು. ಕೈ ಬಿಡು, ಹಗ್ಗ ಬಿಡು, ಹಟ ಬಿಡು – ಇಲ್ಲಿ ಹಿಡಿತ ಸಡಿಲಿಸುವುದು. ವ್ಯಾಕ್ಯೂಮ್ ಒಂದೇ ಹೊತ್ತಿಗೆ ನೀರಿನ ಹಾಗೆ ಹರಿದುಬರುವ ಸರಬರಾಜೂ ಹೌದು, ಕೈಯ ಹಾಗೆ ಹಿಡಿತವೂ ಹೌದು. ಹಾಗಾಗಿ ಎರಡೂ ಅರ್ಥ ಸಲೀಸಾಗಿ ಕೂರುತ್ತವೆ. ಅದೇ ಕಾರ್ಖಾನೆಯಲ್ಲಿ “ವ್ಯಾಕ್ಯೂಮ್ ಬಿಟ್ಟುಬಿಡ್ತು” ಅಂದರೆ ಮಾತ್ರ ಹಲಗೆ ಕೈಕೊಟ್ಟಿತು ಎಂದೇ ಅರ್ಥ, ಅದರಲ್ಲಿ ಯಾರಿಗೂ ಗೊಂದಲವಿಲ್ಲ. ಆಜ್ಞೆಯ ರೂಪಕ್ಕೆ ಬಂದಾಗಲೇ ಎಡವಟ್ಟು.

‘ತೆಗೆ’ ಇನ್ನೂ ಫಟಿಂಗ. ಗಾಳಿ ತೆಗೆ ಅಂದರೆ ಹಲಗೆ ಕಚ್ಚಿಕೊಳ್ಳುತ್ತದೆ. ವ್ಯಾಕ್ಯೂಮ್ ತೆಗೆ ಅಂದರೆ ಹಲಗೆ ಸಡಿಲವಾಗುತ್ತದೆ. ವಾಲ್ವ್ ತೆಗೆ ಅಂದರೆ, ಬಾಗಿಲು ತೆಗೆದ ಹಾಗೆ, ತೆರೆ ಎಂದು. ಆಗ ಯಾವ ವಾಲ್ವು ಅನ್ನುವುದರ ಮೇಲೆ ಕಚ್ಚುವುದೋ ಬಿಡುವುದೋ ನಿಂತಿದೆ. ಪಂಪಿನ ಕೊಳವೆಯ ವಾಲ್ವ್ ತೆರೆದರೆ ಹಿಡಿತ ಬರುತ್ತದೆ, ಹೊರಗಾಳಿಯ ವಾಲ್ವ್ ತೆರೆದರೆ ಹಿಡಿತ ಹೋಗುತ್ತದೆ. ಕಟರ್ ನಿಮಿಷಕ್ಕೆ 18,000 ಸುತ್ತು ತಿರುಗುತ್ತಿರುವಾಗ ಹಲಗೆ ಸಡಿಲವಾದರೆ ಅದು ಮೇಜಿನ ಮೇಲೆ ಜಾರುವುದಿಲ್ಲ, ಹಾರುತ್ತದೆ. “ಜಾಬ್ ಹಾರ್ತು” ಅನ್ನುವುದು ಅಲ್ಲಿಯ ಮಾತು. (ಯಂತ್ರಕ್ಕೆ ಹಾಕಿದ ಹಲಗೆಯೋ ತುಂಡೋ ಏನಿದ್ದರೂ ‘ಜಾಬ್’. ಇದನ್ನು ಮುಟ್ಟುವ ಉದ್ದೇಶ ನನಗಿಲ್ಲ. ‘ಕಾರ್ಯಖಂಡ’ ಎಂದು ಯಾರಾದರೂ ಸೂಚಿಸಿದರೆ ದಯವಿಟ್ಟು ಆ ಮೇಲ್ ನನಗೊಬ್ಬನಿಗೇ ಕಳಿಸಿ.)

ಈಗಾಗಲೇ ಅಲ್ಲಿ ಒಂದು ಕನ್ನಡ ಹಾಳೆ ಇದೆ, ಇಂಗ್ಲಿಷ್ ಕೈಪಿಡಿಯಿಂದ ಯಾರೋ ಇಳಿಸಿದ್ದು. ಅದರಲ್ಲೊಂದು ಸಾಲು: ‘ನಿರ್ವಾತ ಒತ್ತಡವು ಕಡಿಮೆಯಾದಲ್ಲಿ ಯಂತ್ರವನ್ನು ಕೂಡಲೇ ಸ್ಥಗಿತಗೊಳಿಸತಕ್ಕದ್ದು.’ ನೋಡಿ, ಹಲಗೆಯ ಅಡಿಯಲ್ಲಿ ಒತ್ತಡ ಕಡಿಮೆಯಾಗುವುದೇ ಹಿಡಿತ. ಅಲ್ಲಿ ಒತ್ತಡ ಏರಿದರೆ ಹಿಡಿತ ಹೋಯಿತು. ಈ ಸಾಲನ್ನು ಇದ್ದಂತೆಯೇ ಪಾಲಿಸಿದರೆ, ಎಲ್ಲ ಸರಿಯಿದ್ದಾಗ ನಿಲ್ಲಿಸಬೇಕು, ಹಲಗೆ ಸಡಿಲವಾದಾಗ ಓಡಿಸಬೇಕು! ಮಾಪಕವೂ ನೆರವಿಗೆ ಬರುವುದಿಲ್ಲ. ಅದರ ಮುಳ್ಳು ಸೊನ್ನೆಯಿಂದ ಮೈನಸ್ 1 ಬಾರ್ (ಒತ್ತಡದ ಅಳತೆ) ಕಡೆಗೆ ಚಲಿಸುತ್ತದೆ. ಮೈನಸ್ 0.8 ದೊಡ್ಡದೋ ಮೈನಸ್ 0.5 ದೊಡ್ಡದೋ? ಗಣಿತದ ಮೇಷ್ಟ್ರು ಒಂದು ಹೇಳುತ್ತಾರೆ, ಆಪರೇಟರ್ ಇನ್ನೊಂದು. ಇಲ್ಲಿ ನಾನು ಹೆಚ್ಚು-ಕಡಿಮೆಯ ಮಾತನ್ನೇ ಕೈಬಿಟ್ಟು, ಮಾಪಕದ ಗಾಜಿನ ಮೇಲೆ ಹಸಿರು ಪಟ್ಟಿ ಅಂಟಿಸಿ, ‘ಮುಳ್ಳು ಹಸಿರು ದಾಟಿ ಸೊನ್ನೆ ಕಡೆ ಬಂದರೆ ನಿಲ್ಲಿಸಿ’ ಎಂದು ಬರೆದಿದ್ದೇನೆ. ಭಾಷೆಯಲ್ಲಿ ಬಗೆಹರಿಯದ್ದು ಬಣ್ಣದಲ್ಲಿ ಬಗೆಹರಿದರೆ ಬೇಡವೇಕೆ?

ಇನ್ನು ‘ಹೀರು’. ಪರಿಚಯದ ಒಬ್ಬರು ‘ಹೀರುಹಿಡಿತ’ ಎಂದರೆ ಸೊಗಸಾಗಿದೆ ಎಂದರು. ಕಿವಿಗೆ ಸೊಗಸೇ. ನನ್ನ ತಕರಾರು ಅರ್ಥದ್ದು. ಹಲಗೆಯನ್ನು ಯಾರೂ ಕೆಳಗಿನಿಂದ ಹೀರುತ್ತಿಲ್ಲ, ಮೇಲಿನಿಂದ ಒತ್ತುತ್ತಿದ್ದಾರೆ. 1657ರಲ್ಲಿ ಮಾಗ್ಡೆಬರ್ಗಿನಲ್ಲಿ ಓಟೋ ಫಾನ್ ಗೆರಿಕೆ ಎರಡು ತಾಮ್ರದ ಅರ್ಧಗೋಳ ಜೋಡಿಸಿ ಒಳಗಿನ ಗಾಳಿ ತೆಗೆದು ಕುದುರೆಗಳಿಂದ ಎಳೆಸಿದ ಕಥೆಯನ್ನು ನಾವೆಲ್ಲ ಪಾಠದಲ್ಲಿ ಓದಿದವರೇ. ಕುದುರೆಗಳು ಸೋತದ್ದು ಒಳಗಿನ ಬರಿದಿಗಲ್ಲ, ಹೊರಗಿನ ಗಾಳಿಗೆ. ಇದು ಬರೀ ಪಾಂಡಿತ್ಯದ ಮಾತಲ್ಲ. ‘ಹೀರುವುದು’ ಎಂದು ತಿಳಿದವನು ಹಿಡಿತ ಸಾಲದಿದ್ದರೆ ದೊಡ್ಡ ಪಂಪು ತಾ ಅನ್ನುತ್ತಾನೆ. ಗಾಳಿ ಒತ್ತುವುದಕ್ಕೊಂದು ಮಿತಿಯಿದೆ, ಪಂಪು ಎಷ್ಟೇ ದೊಡ್ಡದಾದರೂ ಅದನ್ನು ಮೀರಲಾಗದು. ನಮ್ಮ ರೈತರಿಗೆ ಇದು ಬೇರೆ ದಾರಿಯಲ್ಲಿ ಗೊತ್ತು: ಬಾವಿಯ ದಂಡೆಯ ಮೇಲೆ ಕೂರಿಸಿದ ಪಂಪಿಗೆ ನೀರು 25 ಅಡಿಗಿಂತ ಆಳಕ್ಕಿಳಿದರೆ ಕಷ್ಟ, ಎಷ್ಟು ಎಚ್‌ಪಿ ಮೋಟರ್ ಹಾಕಿದರೂ ಲೆಕ್ಕದ ಮೇಲೂ ಸುಮಾರು 10 ಮೀಟರ್ ದಾಟುವ ಹಾಗಿಲ್ಲ.

ಮಿತಿಯ ಲೆಕ್ಕ ಹೇಳಿಬಿಡುತ್ತೇನೆ, ಪದ ಸೂಚಿಸುವವರಿಗೆ ಉಪಯೋಗವಾದೀತು. ಸಮುದ್ರಮಟ್ಟದಲ್ಲಿ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1.03 ಕೆಜಿ ಭಾರದಷ್ಟು ಒತ್ತುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದು 0.93ರ ಆಸುಪಾಸು. ಶೇ. 80ರಷ್ಟು ಗಾಳಿ ತೆಗೆದರೆ 30×40 ಸೆಂ.ಮೀ. ಹಲಗೆಯ ಮೇಲೆ ಇಲ್ಲಿ ಸುಮಾರು 890 ಕೆಜಿ ಒತ್ತು ಬೀಳುತ್ತದೆ, ಮಂಗಳೂರಿನಲ್ಲಾದರೆ ಇನ್ನೊಂದು 100 ಕೆಜಿ ಜಾಸ್ತಿ. ಪಾದರಸದ ಲೆಕ್ಕದ ಮಾಪಕವಾದರೆ ಬೆಂಗಳೂರಿನಲ್ಲಿ ಮುಳ್ಳು 680 ಮಿ.ಮೀ. ಸುತ್ತಮುತ್ತ ಮುಗಿಯಿತು, ಸೂಚನೆಯಲ್ಲಿ ‘700 ಬರುವವರೆಗೆ ಕಾಯಿರಿ’ ಎಂದು ಬರೆದರೆ ಹುಡುಗರು ಸಾಯಂಕಾಲದವರೆಗೂ ಕಾಯಬೇಕಾದೀತು.

890 ಕೆಜಿ ಕೇಳಿದರೆ ಆನೆಬಲ ಅನ್ನಿಸುತ್ತದೆ. ಆದರೆ ಅದು ಕೆಳಮುಖ. ಕಟರ್ ತಳ್ಳುವುದು ಅಡ್ಡಕ್ಕೆ. ಅಡ್ಡಕ್ಕೆ ಹಲಗೆಯನ್ನು ತಡೆಯುವುದು ಉಜ್ಜಾಟ ಮಾತ್ರ, ಅದು ಕೆಳಮುಖ ಒತ್ತಿನ ಮೂರರಲ್ಲೊಂದು ಪಾಲು ಸಿಕ್ಕರೆ ಪುಣ್ಯ. 5×5 ಸೆಂ.ಮೀ. ಚೂರಿಗೆ ಬಂದರೆ ಒತ್ತೇ 18 ಕೆಜಿ, ಅಡ್ಡಕ್ಕೆ ಆರು ಕೆಜಿ ತಳ್ಳಿದರೆ ಜರುಗಿತು. ಸಣ್ಣ ಚೂರುಗಳನ್ನು ಪೂರ್ತಿ ಕತ್ತರಿಸದೆ ಅಡಿಯಲ್ಲಿ ತೆಳುಪದರ ಉಳಿಸಿಕೊಂಡು, ಆಮೇಲೆ ಕೈಯಲ್ಲಿ ಬಿಡಿಸುವುದು ಇದಕ್ಕಾಗಿ.

ಈಗ ‘ಸೋರು’. ಇದರ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ: ಬೇಡ. ಮಡಕೆ ಸೋರುತ್ತದೆ, ಟ್ಯೂಬಿನ ಗಾಳಿ ಸೋರುತ್ತದೆ, ಒಳಗಿದ್ದದ್ದು ಹೊರಗೆ ಹೋಗುತ್ತದೆ. ಇಲ್ಲಿ ಹೊರಗಿನದು ಒಳಗೆ ನುಗ್ಗುತ್ತದೆ. ‘ಸೋರಿಕೆ ಪರೀಕ್ಷಿಸಿ’ ಎಂದು ಓದಿದವನು ರಬ್ಬರ್ ಅಂಚಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಕೂರುತ್ತಾನೆ. ಪಂಕ್ಚರ್ ಅಂಗಡಿಯಲ್ಲಿ ನೋಡಿದ್ದಾನಲ್ಲ. ಗುಳ್ಳೆ ಏಳುವುದಿಲ್ಲ, ಸೋಪಿನ ನೀರು ಪಂಪಿನೊಳಗೆ ಹೋಗುತ್ತದೆ. ಇದಕ್ಕೆ ಬದಲಿಗೆ ಹಳ್ಳಿಯ ಪಂಪ್‌ಸೆಟ್ಟಿನ ಮಾತು ನನಗೆ ಇಷ್ಟ: “ಪೈಪು ಗಾಳಿ ಎಳೀತಾ ಇದೆ.” ಬಾವಿಯ ಕಡೆಯ ಪೈಪಿನ ಜಾಯಿಂಟು ಸಡಿಲವಿದ್ದರೆ ರೈತರು ಹೀಗೇ ಅನ್ನುತ್ತಾರೆ. ದಿಕ್ಕೂ ಸರಿ, ಪರೀಕ್ಷೆಯ ದಾರಿಯೂ ಅದರಲ್ಲೇ ಇದೆ: ಕಿವಿ ಕೊಟ್ಟರೆ ಸುಯ್ ಅನ್ನುತ್ತದೆ, ತೆಳ್ಳನೆ ಪ್ಲಾಸ್ಟಿಕ್ ಹಾಳೆ ಹಿಡಿದರೆ ಅದು ಬಂದು ಅಂಟಿಕೊಳ್ಳುತ್ತದೆ. ಹಲಗೆ ಡೊಂಕಾಗಿದ್ದರೂ ಎಳೆಯುತ್ತದೆ. ಸಾಗುವಾನಿಯಂಥ ಮರ ತನ್ನ ರಂಧ್ರಗಳ ಮೂಲಕವೇ ಎಳೆಯುತ್ತದೆ.

ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ) ವಿಷಯದಲ್ಲಿ ಮಾತ್ರ ‘ಎಳೆ’ ತಪ್ಪಲ್ಲ, ಬೇಕಾದ ಗುಣ. ಮೇಜಿನ ಮೇಲೆ ಒಂದು ಎಂಡಿಎಫ್ ಹಲಗೆ ಹಾಸಿ ಅದರ ಮೇಲೆ ಜಾಬ್ ಇಡುತ್ತಾರೆ. ಗಾಳಿ ಎಂಡಿಎಫ್‌ನ ದಪ್ಪವನ್ನು ಹಾದು ಕೆಳಗಿಳಿಯುತ್ತದೆ. ಅದರ ಎರಡೂ ಮುಖ ಗಟ್ಟಿಯಿರುವುದರಿಂದ ತೆಳುವಾಗಿ ಕೆತ್ತಿ ತೆಗೆಯಬೇಕು, ಬದಿಗಳಿಗೆ ಬಣ್ಣ ಬಳಿದು ಮುಚ್ಚಬೇಕು. ಇದನ್ನು ಸ್ಪಾಯಿಲ್‌ಬೋರ್ಡ್ ಅನ್ನುತ್ತಾರೆ. ಅಲ್ಲಿಯ ಹಿರಿಯ ಬಡಗಿಯೊಬ್ಬರು ಮಾತ್ರ ‘ಮಣೆ’ ಅನ್ನುತ್ತಾರೆ. ಕಟರಿನ ಏಟನ್ನೆಲ್ಲ ತಾನು ತಿಂದು ಮೇಜನ್ನು ಉಳಿಸುವ ಹಲಗೆಗೆ ಇದಕ್ಕಿಂತ ಒಳ್ಳೆಯ ಪದ ನನಗೆ ಹೊಳೆಯಲಿಲ್ಲ, ಹಾಗೇ ಇಟ್ಟುಕೊಂಡಿದ್ದೇನೆ. ‘ಮೊದಲು ಎಂಡಿಎಫ್ ಮಣೆ ಹಾಕಿ’ ಎಂದು ಬರೆದರೆ ಅತಿಥಿ ಸತ್ಕಾರದಂತೆ ಕೇಳುತ್ತದೆ ಎಂದು ಮ್ಯಾನೇಜರ್ ನಕ್ಕರು. ನಗಲಿ.

‘ನಿರ್ವಾತ’ದ ಬಗ್ಗೆ ಒಂದೇ ಮಾತು. ಸಂಸ್ಕೃತದಲ್ಲಿ ಅದು ಬೀಸುಗಾಳಿಯಿಲ್ಲದ ತಾವು. ಗಾಳಿಯೇ ಇಲ್ಲದ ಸ್ಥಿತಿ ಎಂಬ ಅರ್ಥ ನಮ್ಮ ವಿಜ್ಞಾನದ ಪಠ್ಯದಲ್ಲಿ ನೆಲೆನಿಂತಿದೆ. ಬೀಸುವುದಕ್ಕೂ ಉಸಿರಾಡುವುದಕ್ಕೂ ಕನ್ನಡದಲ್ಲಿ ‘ಗಾಳಿ’ ಒಂದೇ ಆದ್ದರಿಂದ ಯಾರಿಗೂ ತೊಡಕೆನಿಸಲಿಲ್ಲವೇನೋ. ಪಠ್ಯಕ್ಕೆ ಸರಿ. ಕಾರ್ಖಾನೆಯಲ್ಲಿ ಹತ್ತಾರು ಕಡೆಯವರು, ರಾಜಸ್ಥಾನದ ಬಡಗಿಗಳೂ ಇದ್ದಾರೆ. ಎಲ್ಲರ ಬಾಯಲ್ಲೂ ವ್ಯಾಕ್ಯೂಮ್ ಇದೆ. ಅದೇ ಇರಲಿ. ‘ಬಿಗಿ’ಯನ್ನೂ ಪರಿಗಣಿಸಿದೆ; ಬಿಗಿಯಲು ತಿರುಪು ಬೇಕು, ಹಗ್ಗ ಬೇಕು, ಇಲ್ಲಿ ಏನೂ ಇಲ್ಲ.

ನನ್ನ ಒಲವು ‘ಕಚ್ಚು’ವಿನ ಕಡೆ. ಗದಗ ಕಡೆಯ ಆ ಹೊಸ ಹುಡುಗನೇ “ಕಚ್ತರೀ, ಇನ್ನ ಬಿಡಂಗಿಲ್ಲ” ಎಂದದ್ದು. ಉತ್ತರ ಕರ್ನಾಟಕದಲ್ಲಿ ಹೊಟ್ಟೆಯಲ್ಲಿ ಬಟ್ಟಿ ಸರಿದರೆ (ಹೊಕ್ಕುಳು ಜರುಗಿತು ಅನ್ನುವ ಹೊಟ್ಟೆನೋವು) ದೀಪ ಇಟ್ಟು ಅದರ ಮೇಲೆ ಚರಗಿ, ಅಂದರೆ ಚೊಂಬು, ಕವುಚುತ್ತಾರಲ್ಲ, ಒಳಗಿನ ಗಾಳಿ ಕಾದು ದೀಪ ಆರಿ ತಣಿದ ಮೇಲೆ ಚರಗಿ ಹೊಟ್ಟೆಯನ್ನು ಕಚ್ಚಿ ಕೂರುತ್ತದೆ. ಅಲ್ಲಿಯದೂ ಇಲ್ಲಿಯದೂ ಒಂದೇ ವಿದ್ಯೆ. ಆದರೆ ಬಡಗಿಗಳಿಗೆ ‘ಕಚ್ಚು’ ನಾಮಪದವೂ ಹೌದು, ಮರದಲ್ಲಿ ಹಾಕುವ ಗಾಯಕ್ಕೆ, ಗೀರಿಗೆ. ‘ಹಲಗೆಗೆ ಕಚ್ಚು’, ‘ಹಲಗೆ ಕಚ್ಚಿಸು’ ಪಕ್ಕಪಕ್ಕ ಬಂದರೆ ಹೇಗೆ?

ಸದ್ಯಕ್ಕೆ ನಾನು ಪಾಲಿಸುತ್ತಿರುವ ಕ್ರಮ: ಆಜ್ಞೆಯ ವಾಕ್ಯದಲ್ಲಿ ವ್ಯಾಕ್ಯೂಮನ್ನು ಕರ್ಮಪದವಾಗಿ ತರುವುದೇ ಇಲ್ಲ. ಹಲಗೆಯೇ ಕರ್ಮ. ‘ಪಂಪು ಹಾಕಿ, ಹಲಗೆ ಕಚ್ಚಿಸಿ. ಕೈಯಿಂದ ಅಡ್ಡಕ್ಕೆ ತಳ್ಳಿ ನೋಡಿ. ಮುಳ್ಳು ಹಸಿರಿಗೆ ಬಂದ ಮೇಲೆ ಕಟರ್ ಓಡಿಸಿ. ಕಟರ್ ಪೂರ್ತಿ ನಿಂತ ಮೇಲೆ ಹಲಗೆ ಬಿಡಿಸಿ. ಕರೆಂಟ್ ಹೋದರೆ ಹಲಗೆ ಮುಟ್ಟಬೇಡಿ, ಕಟರ್ ಇನ್ನೂ ತಿರುಗುತ್ತಿರುತ್ತದೆ.’ ‘ಬಿಡು’ ಹೋಗಿ ‘ಬಿಡಿಸು’ ಬಂದ ಕೂಡಲೇ ಮೊದಲಿನ ಗೊಂದಲ ಹೋಯಿತು ಅನ್ನಿಸುತ್ತದೆ. ‘ಹಿಡಿಸು’ ಎಂದೂ ಬರೆದು ನೋಡಿದೆ, ‘ಹಲಗೆ ಹಿಡಿಸಿತೇ?’ ಅಂದರೆ ಇಷ್ಟವಾಯಿತೇ ಎಂದು ಕೇಳಿದಂತಾಯಿತು.

ಕೇಳಬೇಕಾದ್ದು ಇಷ್ಟು. ‘ಕಚ್ಚಿಸು’ ದಕ್ಷಿಣದವರ ಕಿವಿಗೆ ನಾಯಿ ಛೂ ಬಿಟ್ಟಂತೆ ಕೇಳುತ್ತದೆಯೇ? ಕರಾವಳಿಯ ಮರದ ಮಿಲ್ಲುಗಳಲ್ಲಿ, ಚನ್ನಪಟ್ಟಣದ ಲೇತುಗಳಲ್ಲಿ, ಮರದ ತುಂಡನ್ನು ಯಂತ್ರಕ್ಕೆ ಹಿಡಿಸುವುದಕ್ಕೆ ದಿನಬಳಕೆಯ ಕ್ರಿಯಾಪದ ಯಾವುದು? ‘ಗಾಳಿ ಎಳೆ’ ಎಂಬ ಪಂಪ್‌ಸೆಟ್ ಮಾತು ನಿಮ್ಮ ಊರಲ್ಲೂ ಇದೆಯೇ, ಅಥವಾ ‘ಏರ್ ತಗೊಳ್ತಿದೆ’ ಅನ್ನುತ್ತಾರೆಯೇ? ಹಾಳೆ ಲ್ಯಾಮಿನೇಶನ್‌ಗೆ ಹೋಗುವ ಮುಂಚೆ ಉತ್ತರ ಬಂದರೆ ಅನುಕೂಲ.