ಓದುವ ಹೊತ್ತು ಜಾಸ್ತಿಯಾಯ್ತು, ಅಂಕ ಇಳೀತು. ಎಲ್ಲಿ ತಪ್ಪುತ್ತಿದೆ?

ಅಂಕೋಲೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಬಿಎಸ್ಸಿ ಓದ್ತಿದ್ದೇನೆ, ಈಗ ಮೂರನೇ ಸೆಮಿಸ್ಟರ್. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ. ಮೊದಲ ಸೆಮಿಸ್ಟರ್‌ನಲ್ಲಿ ಎಸ್‌ಜಿಪಿಎ (ಆ ಸೆಮಿಸ್ಟರಿನ ಸರಾಸರಿ ಗ್ರೇಡ್) 8.1 ಬಂದಿತ್ತು. ಎರಡನೆಯದರಲ್ಲಿ 6.9. ಓದೋದು ಬಿಟ್ಟಿಲ್ಲ, ಮೊದಲಿಗಿಂತ ಜಾಸ್ತಿನೇ ಓದಿದ್ದೇನೆ. ಅಂಕೋಲೆಯಿಂದ ದಿನಾ ಬಸ್ಸು. ಸಂಜೆ ಮನೆಗೆ ಬಂದು ನೋಟ್ಸ್ ಓದುತ್ತೇನೆ, ಹೈಲೈಟರ್ ಎಳೆಯುತ್ತೇನೆ, ಮತ್ತೆ ಓದುತ್ತೇನೆ. ಓದುವಾಗ ಎಲ್ಲಾ ಗೊತ್ತಿದೆ ಅನಿಸುತ್ತದೆ. ಪರೀಕ್ಷೆಯಲ್ಲಿ ಕೂತರೆ ಕೈ ಓಡುವುದಿಲ್ಲ. ಮುಂದೆ ಎಂಎಸ್ಸಿ ಮಾಡುವ ಆಸೆ ಇದೆ, ಅದಕ್ಕೇ ಭಯ. ಯಾರಾದರೂ ದಾರಿ ಹೇಳಿ.

ಕುಮಟೆ ಅಕ್ಕ:
ತಂಗೀ, "ಓದುವಾಗ ಎಲ್ಲಾ ಗೊತ್ತಿದೆ ಅನಿಸುತ್ತದೆ" ಅಂದೆಯಲ್ಲ, ತೊಂದರೆ ಇರುವುದು ಅಲ್ಲೇ. ನಾನು ಡಿಗ್ರಿ ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುತ್ತೇನೆ. ಚೆನ್ನಾಗಿ ಓದುವ ಮಕ್ಕಳೇ ಹೀಗೆ ಸಿಕ್ಕಿಬೀಳುವುದನ್ನು ಪ್ರತಿ ವರ್ಷ ನೋಡುತ್ತೇನೆ, ಬೇಜಾರಾಗುತ್ತದೆ. ಪುಟ ಕಣ್ಣೆದುರು ಇದ್ದಾಗ ಗುರುತು ಹಿಡಿಯುವುದು ಬೇರೆ. ಖಾಲಿ ಹಾಳೆ ಮೇಲೆ ನೆನಪಿನಿಂದ ಬರೆಯುವುದು ಬೇರೆ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟರು. ಆಮೇಲೆ ಕೆಲವರು ಅದನ್ನೇ ಮತ್ತೆ ಓದಿದರು. ಉಳಿದವರು ಪಾಠ ನೋಡದೆ, ನೆನಪಿದ್ದಷ್ಟು ಬರೆದರು. 5 ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಸ್ವಲ್ಪ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ ಅವರಿಗೆ ನೆನಪಿದ್ದದ್ದು ಸುಮಾರು 42%, ಬರೆದವರಿಗೆ 56%. ನಿನ್ನ ಹೈಲೈಟರ್ ಆ 5 ನಿಮಿಷದ ಸಮಾಧಾನ ಕೊಡುತ್ತಿದೆ ಅಷ್ಟೇ.

ಹೀಗೆ ಮಾಡು. ಎಸ್‌ಎನ್‌1, ಎಸ್‌ಎನ್‌2 ಪಾಠ ತಗೋ, ಅಣುವಿನಲ್ಲಿ ಒಂದು ಗುಂಪು ಹೋಗಿ ಇನ್ನೊಂದು ಬಂದು ಕೂರುವ ರಿಯಾಕ್ಷನ್ನಿನ ಎರಡು ಬಗೆ. ಒಂದು ಸಲ ಸರಿಯಾಗಿ ಓದು, ಪುಸ್ತಕ ಮುಚ್ಚು, ಹಾಳೆ ತಗೊಂಡು ಬರೆ. ಟರ್ಷರಿ ಹ್ಯಾಲೈಡ್ (ಹ್ಯಾಲೊಜನ್ ಇರುವ ಕಾರ್ಬನ್ನಿಗೆ ಇನ್ನೂ ಮೂರು ಕಾರ್ಬನ್ ಅಂಟಿರುವುದು) ಎಸ್‌ಎನ್‌1ಗೇ ಯಾಕೆ ಹೋಗುತ್ತದೆ? "ಎರಡು ಹಂತ" ಅಂತ ಎಲ್ಲರೂ ಬರೆಯುತ್ತಾರೆ. ಮಧ್ಯದಲ್ಲಿ ಹುಟ್ಟುವ ಕಾರ್ಬೊಕ್ಯಾಟಯಾನ್ (ಧನ ಆವೇಶದ ಕಾರ್ಬನ್) ಸ್ಥಿರವಾಗಿರುತ್ತದೆ, ನಿಧಾನದ ಹಂತ ಅದು ಹುಟ್ಟುವುದೇ, ಅದಕ್ಕೆ ವೇಗದಲ್ಲಿ ನ್ಯೂಕ್ಲಿಯೋಫೈಲ್ (ಹೊಸದಾಗಿ ಬಂದು ಕೂರುವ ಗುಂಪು) ಲೆಕ್ಕಕ್ಕೆ ಬರುವುದಿಲ್ಲ ಎನ್ನುವುದು ಬರೆಯುವಾಗ ಕೈಬಿಟ್ಟು ಹೋಗುತ್ತದೆ. ಎಲ್ಲಿ ತಡೆಯಿತೋ ಅಷ್ಟನ್ನೇ ತೆರೆದು ನೋಡು, ಮತ್ತೆ ಮುಚ್ಚು. ಎರಡು ದಿನ ಬಿಟ್ಟು ಇನ್ನೊಮ್ಮೆ ಬರೆ. ಮೊದಲು ಕನ್ನಡದಲ್ಲೇ ಹೇಳಿಕೋ, ಪರವಾಗಿಲ್ಲ. ಕಾರಣ ತಲೆಗೆ ಹತ್ತಿದ ಮೇಲೆ ಇಂಗ್ಲಿಷಿನ ನಾಲ್ಕು ಸಾಲು ಕಷ್ಟವಲ್ಲ.

ಇನ್ನೊಂದು. ಎಸ್‌ಜಿಪಿಎಯಲ್ಲಿ ಎಲ್ಲ ಪೇಪರಿಗೂ ಒಂದೇ ತೂಕ ಇಲ್ಲ. ಗ್ರೇಡ್ ಪಾಯಿಂಟನ್ನು ಆಯಾ ಪೇಪರಿನ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸುತ್ತಾರೆ. ಸೆಮಿಸ್ಟರಿಗೆ 24 ಕ್ರೆಡಿಟ್ ಅಂತಿಟ್ಟುಕೋ. 4 ಕ್ರೆಡಿಟ್ ಪೇಪರಿನಲ್ಲಿ 6 ಇದ್ದದ್ದು 8 ಆದರೆ ಎಸ್‌ಜಿಪಿಎ 0.33 ಏರುತ್ತದೆ. 2 ಕ್ರೆಡಿಟ್ ಪೇಪರಿನಲ್ಲಿ ಅಷ್ಟೇ ಏರಿದರೆ 0.17. ನಿನ್ನ ಮಾರ್ಕ್ಸ್‌ಕಾರ್ಡ್ ತೆಗೆದು ಯಾವುದು ಕೆಳಗೆ ಎಳೆದಿದೆ ನೋಡು. ಸಂಜೆಯ ಚುರುಕಾದ ಹೊತ್ತು ಅದಕ್ಕೇ ಹೋಗಲಿ.

ಶಿರಸಿ ಮಾಣಿ:
ಅಕ್ಕ ಹೇಳಿದ್ದು ಸರಿ. ನಾನು ಕೊನೇ ವರ್ಷ. ನಮ್ಮ ಕಡೆ ಪರೀಕ್ಷೆ ಹತ್ತಿರ ಬರುವ ಹೊತ್ತಿಗೇ ಅಡಿಕೆ ಕೊನೆ (ಗೊಂಚಲು) ಕೊಯ್ಲು ಶುರುವಾಗುತ್ತದೆ. ರಾತ್ರಿ ಎಲ್ಲರೂ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯಲು ಕೂರಲೇಬೇಕು, ಪುಸ್ತಕ ಹಿಡಿಯಲು ಕೈ ಖಾಲಿ ಇರುವುದಿಲ್ಲ. ತಂಗಿ ನೋಟ್ಸ್ ನೋಡಿ ಪ್ರಶ್ನೆ ಕೇಳುತ್ತಾಳೆ, ನಾನು ಸುಲಿಯುತ್ತಾ ಬಾಯಲ್ಲಿ ಉತ್ತರ ಹೇಳುತ್ತೇನೆ. ಅವಳು ಪಿಯುಸಿ, ವಿಷಯ ಗೊತ್ತಿಲ್ಲ. ಅದೇ ಒಳ್ಳೆಯದು, ಅರ್ಥವಾಗದಿದ್ದರೆ ಬಿಡುವುದಿಲ್ಲ.

ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟ ದಿನ ಲ್ಯಾಬ್ ಜರ್ನಲ್ ಬರೆದು ಮುಗಿಸಿಬಿಡಿ. ಕರೆಂಟ್ ಇಲ್ಲದಿದ್ದರೂ ಹಗಲಲ್ಲಿ ಆಗುವ ಕೆಲಸ ಅದು. ಪರೀಕ್ಷೆ ಹಿಂದಿನ ವಾರ ಜರ್ನಲ್ ಬಾಕಿ ಇಟ್ಟುಕೊಂಡವರು ಓದುವುದು ಯಾವಾಗ?

ಅಂಕೋಲೆ ಹುಡುಗಿ:
ತುಂಬಾ ಥ್ಯಾಂಕ್ಸ್ ಅಕ್ಕಾ, ಅಣ್ಣಾ. ಮಾರ್ಕ್ಸ್‌ಕಾರ್ಡ್ ನೋಡಿದೆ. ಫಿಸಿಕ್ಸೇ ಎಳೆದಿರುವುದು, 4 ಕ್ರೆಡಿಟ್. ಡೆರಿವೇಶನ್ ಅರ್ಧಕ್ಕೆ ನಿಂತುಹೋಗುತ್ತದೆ. ಅದನ್ನೂ ಹೀಗೇ ಬರೆಯಬೇಕಾ? ಮತ್ತೆ ಬಸ್ಸಲ್ಲಿ ಓದಿದರೆ ತಲೆ ತಿರುಗುತ್ತದೆ, ಆ ಹೊತ್ತು ಸುಮ್ನೆ ಹೋಗುತ್ತಿದೆ.

ಕುಮಟೆ ಅಕ್ಕ:
ಬಸ್ಸಲ್ಲಿ ಓದಬೇಡ ಮಾರಾಯ್ತಿ. ಹತ್ತುವ ಮೊದಲು ಮೂರು ಪ್ರಶ್ನೆ ನೋಡಿಕೋ. ಕಿಟಕಿ ಆಚೆ ನೋಡುತ್ತಾ ಮನಸ್ಸಲ್ಲೇ ಉತ್ತರ ಹೇಳಿಕೋ. ತಡೆದದ್ದನ್ನು ಇಳಿದ ಮೇಲೆ ನೋಡಿದರಾಯ್ತು. ದಿನವಿಡೀ ದಣಿದಿದ್ದರೆ ನಿದ್ದೆ ಮಾಡು, ಅದೂ ಬೇಕು.

ಡೆರಿವೇಶನ್ನಿಗೆ ಹಾಳೆಯ ಮೇಲ್ತುದಿಯಲ್ಲಿ ಶುರುವಿನ ಸಮೀಕರಣ ಬರೆ, ಕೆಳತುದಿಯಲ್ಲಿ ಕೊನೆಯದು. ಮಧ್ಯ ಖಾಲಿ ಬಿಡು, ನೀನೇ ತುಂಬು. ಒಂದೊಂದು ಸಾಲಿನ ಪಕ್ಕದಲ್ಲೂ ಯಾಕೆ ಹೀಗಾಯ್ತು ಅಂತ ಎರಡು ಪದ ಬರೆ: "ಇಂಟಿಗ್ರೇಟ್ ಮಾಡಿದೆ", "ಕೋನ ಸಣ್ಣದು, ಸೈನ್ ತೀಟಾ ಬದಲು ತೀಟಾ". ಕಾರಣ ಬರೆಯಲು ಆಗದ ಸಾಲನ್ನು ಮರುದಿನ ನಿಮ್ಮ ಸರ್ ಹತ್ತಿರ ತೋರಿಸು. "ಡೆರಿವೇಶನ್ ಅರ್ಥವಾಗಲಿಲ್ಲ" ಅನ್ನಬೇಡ, "ಈ ಸಾಲು ಯಾಕೆ ಸರ್" ಅಂತ ಕೇಳು. ಹಾಗೆ ಕೇಳಿದರೆ ಸ್ಟಾಫ್‌ರೂಮ್ ಬಾಗಿಲಲ್ಲಿ ನಿಂತೇ ಹೇಳಿಕೊಡಬಹುದು.